ಜವಾರಿ ಹತ್ತಿಗೆ 26 ಕ್ರೋಮೋಸೋಮ್, ಹೈಬ್ರಿಡ್ ಹತ್ತಿಗೆ 52 ಅಂತೆ. ಈ ಡಬಲ್ ಆಗಿದ್ದು ಹೇಗೆ?

ಎರೆಹೊಲದವ, ಮಾನ್ವಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನಮ್ಮದು ಎರೆ ಹೊಲ. ಜಾಸ್ತಿ ಭಾಗ ಬಿಟಿ ಹತ್ತಿ, ನಡುನಡುವೆ ತೊಗರಿ. ಆದ್ರೆ ಅಪ್ಪ ಒಂದು ಮೂಲೆಯಲ್ಲಿ ಜವಾರಿ ಹತ್ತಿ ಹಾಕೋದನ್ನ ಇನ್ನೂ ಬಿಟ್ಟಿಲ್ಲ. ದೀಪದ ಬತ್ತಿಗೆ, ಗಾದಿಗೆ ಅದೇ ಬೇಕು ಅನ್ನೋ ಹಟ. ಬೀಜವೂ ಮನೆಯದ್ದೇ, ಪ್ರತಿ ವರ್ಷ ಎತ್ತಿಟ್ಟು ಬಿತ್ತುತ್ತಾರೆ. ಸುತ್ತ ನಾಲ್ಕೂ ಕಡೆ ಬಿಟಿ ಹೈಬ್ರಿಡ್. ಹೂ ಬಿಟ್ಟಾಗ ಜೇನುಹುಳ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡೋದು ಕಣ್ಣಿಗೇ ಕಾಣುತ್ತೆ. ಹಾಗಾದ್ರೆ ನಮ್ಮ ಜವಾರಿ ಬೀಜ ಕೆಟ್ಟು ಹೋಗಲ್ವಾ ಅಂತ ನನಗೆ ಅನುಮಾನ.

ಬೀಜದ ಅಂಗಡಿಯಲ್ಲಿ ಕೇಳಿದೆ. "ಅವೆರಡೂ ಕೂಡಲ್ಲ ಬಿಡಪ್ಪ, ಕ್ರೋಮೋಸೋಮ್ ಬೇರೆ ಬೇರೆ" ಅಂದು ಬಿಲ್ ಬರೆಯೋಕೆ ಹೋದ್ರು. ಮನೆಗೆ ಬಂದು ಓದಿದೆ. ಕ್ರೋಮೋಸೋಮ್ ಅಂದ್ರೆ ಕೋಶದೊಳಗೆ ಜೀನ್‌ಗಳನ್ನ ಹೊತ್ತ ಎಳೆಗಳು. ಜವಾರಿಗೆ 26, ನಾವು ಬೆಳೆಯೋ ಅಮೆರಿಕನ್ ಜಾತಿಗೆ 52. ಸರಿಯಾಗಿ ಎರಡರಷ್ಟು! ಇದನ್ನ ಯಾವ ಕಂಪನಿಯೂ ಮಾಡಿದ್ದಲ್ಲ, ಲಕ್ಷಾಂತರ ವರ್ಷದ ಹಿಂದೆ ತಾನಾಗೇ ಆಗಿದ್ದು ಅಂತಲೂ ಇತ್ತು. ಅಲ್ಲಿಂದ ತಲೆ ಕೆಟ್ಟಿದೆ.

ಮನುಷ್ಯರಲ್ಲಿ 46ರ ಜಾಗದಲ್ಲಿ 47 ಆದ್ರೆ ಡೌನ್ ಸಿಂಡ್ರೋಮ್ ಅಂತಾರೆ. ಒಂದು ಜಾಸ್ತಿ ಆದ್ರೇ ಅಷ್ಟು ತೊಂದರೆ. ಗಿಡಕ್ಕೆ 26 ಜಾಸ್ತಿ ಆದ್ರೂ ಅದು ಸಾಯಲ್ಲ, ಬದಲಿಗೆ ಇಡೀ ಜಗತ್ತಿನ ಮಾರುಕಟ್ಟೆ ಹಿಡಿಯುತ್ತೆ, ಇದು ಹೇಗೆ? ಡಬಲ್ ಆಗಿದ್ದರಿಂದ ಏನು ಲಾಭ? ನಮ್ಮ ಜವಾರಿ ಬೀಜದ ಕಥೆ ಏನು? ಗೊತ್ತಿದ್ದವರು ಹೇಳಿ. ನಾನು ಪಿಯುಸಿ ಸೈನ್ಸ್ ಓದಿದವನು, ತೀರಾ ಮೇಲಿನಿಂದ ಮಾತಾಡಬೇಡಿ.


ಮೊಗ್ಗು ಮೈಕ್ರೋಸ್ಕೋಪು, ರಾಯಚೂರು

ಅಣ್ಣ, ಬಹಳ ಒಳ್ಳೇ ಪ್ರಶ್ನೆ. ನಾನು ಕೃಷಿ ಎಂಎಸ್ಸಿ ಮಾಡ್ತಾ ಇದ್ದೀನಿ, ಸಸ್ಯ ತಳಿ ವಿಭಾಗ. ಮೊದಲು ಬೀಜದ ಮಾತು.

ಅಂಗಡಿಯವರು ಹೇಳಿದ್ದು ನಿಜ, ಕಾರಣ ಮಾತ್ರ ಅರ್ಧ ಹೇಳಿದ್ದಾರೆ. ಕೂಡೋದೇ ಇಲ್ಲ ಅಂತಲ್ಲ. ಬಿಟಿ ಹೂವಿನ ಪರಾಗ ಜವಾರಿ ಹೂವಿಗೆ ಬಿದ್ದರೆ ಬಹುತೇಕ ಕಾಯಿ ಉದುರಿ ಹೋಗುತ್ತೆ ಅಥವಾ ಬೀಜ ಜೊಳ್ಳಾಗುತ್ತೆ. ಅಪರೂಪಕ್ಕೆ ಒಂದು ಬೀಜ ಉಳಿದು ಮೊಳೆತರೆ ಅದರ ಲೆಕ್ಕ ನೋಡಿ. ಅಂಡಕ್ಕೂ ಪರಾಗಕ್ಕೂ ಹೋಗೋದು ಅರ್ಧ ಲೆಕ್ಕ ಮಾತ್ರ. ಜವಾರಿಯ ಅಂಡದಿಂದ 13, ಬಿಟಿಯ ಪರಾಗದಿಂದ 26, ಒಟ್ಟು 39. ಗಿಡ ಚೆನ್ನಾಗೇ ಬೆಳೆಯಬಹುದು, ಹೂವೂ ಬಿಡಬಹುದು. ಕಷ್ಟ ಶುರುವಾಗೋದು ಅದು ತನ್ನ ಪರಾಗ ಮಾಡೋಕೆ ಹೋದಾಗ.

ಪರಾಗ ಆಗಬೇಕಾದ್ರೆ ಕ್ರೋಮೋಸೋಮುಗಳು ಜೋಡೆತ್ತಿನ ಹಾಗೆ ಎರಡೆರಡಾಗಿ ನಿಲ್ಲಬೇಕು, ಆಮೇಲೆ ಒಂದು ಈ ಕಡೆ, ಇನ್ನೊಂದು ಆ ಕಡೆ ಹೋಗಬೇಕು. 39ರಲ್ಲಿ 13 ಜೋಡಿ ಸಿಗುತ್ತೆ, ಉಳಿದ 13 ಒಂಟಿ. ಆ ಒಂಟಿಗಳು ಸಿಕ್ಕ ಸಿಕ್ಕ ಕಡೆ ಹೋಗುತ್ತವೆ, ಕೆಲವು ದಾರಿಯಲ್ಲೇ ಉಳಿಯುತ್ತವೆ. ಒಂದು ಪರಾಗಕ್ಕೆ 17, ಇನ್ನೊಂದಕ್ಕೆ 21. ಯಾವುದಕ್ಕೂ ಪೂರ್ತಿ ಸೆಟ್ ಇಲ್ಲ. ಪರಾಗ ಪೊಳ್ಳು, ಕಾಯಿ ಕಟ್ಟಲ್ಲ. ಹಾಗಾಗಿ ಬಿಟಿ ಜೀನ್ ಒಂದು ಗಿಡದ ತನಕ ಬಂದರೂ ಮುಂದಿನ ಪೀಳಿಗೆಗೆ ದಾಟೋದು ಇಲ್ಲ ಅನ್ನುವಷ್ಟು ಕಡಿಮೆ.

ಇದು ಜಾತಿ ಬೇರೆ ಅನ್ನೋ ಕಾರಣಕ್ಕೆ ಮಾತ್ರ ಆಗೋದಲ್ಲ, ಇಲ್ಲಿ ಲೆಕ್ಕದ್ದೇ ದೊಡ್ಡ ಪಾತ್ರ. ಧಾರವಾಡದಲ್ಲಿ 1972ರಲ್ಲಿ ಬಂದ ವರಲಕ್ಷ್ಮಿ ಹೈಬ್ರಿಡ್ ನೆನಪಿದೆಯಾ ನಿಮ್ಮ ಅಪ್ಪನಿಗೆ ಕೇಳಿ. ಅದು ಎರಡು ಬೇರೆ ಬೇರೆ ಜಾತಿ ಕೂಡಿಸಿ ಮಾಡಿದ್ದು, ನಾವು ಬೆಳೆಯೋ ಅಮೆರಿಕನ್ ಹತ್ತಿ ಹಿರ್ಸುಟಮ್ ಮತ್ತು ಉದ್ದ ಅರಳೆಯ ಬಾರ್ಬಡೆನ್ಸ್. ಎರಡಕ್ಕೂ 52, ಜೋಡಿ ಸರಿಯಾಗಿ ಬೀಳುತ್ತೆ, ಭರ್ಜರಿ ಅರಳೆ ಬಂತು. ನಮ್ಮ ಜವಾರಿಯಲ್ಲೂ ಎರಡು ಜಾತಿ, ಅರ್ಬೋರಿಯಮ್ ಮತ್ತು ಹರ್ಬೇಸಿಯಮ್. ಎರಡಕ್ಕೂ 26, ಅವೂ ಕೂಡುತ್ತವೆ. ತಮಾಷೆ ಅಂದ್ರೆ ಈ ಎರಡರಲ್ಲಿ ಲೆಕ್ಕ ಒಂದೇ ಆದ್ರೂ ಒಂದು ಕಡೆ ಎರಡು ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದೆ. ಅಂದ್ರೆ ಲೆಕ್ಕ ಬದಲಾಗದೆಯೂ ಒಳಗಿನ ಜೋಡಣೆ ಬದಲಾಗಬಹುದು.

ಇನ್ನು ಒಂದು ಜಾಸ್ತಿ ಆದ್ರೆ ತೊಂದರೆ, ಇಡೀ ಸೆಟ್ ಜಾಸ್ತಿ ಆದ್ರೆ ಯಾಕಿಲ್ಲ ಅಂದ್ರಿ. ಒಂದೇ ಒಂದು ಜಾಸ್ತಿ ಆದಾಗ ಅದರ ಮೇಲಿನ ಜೀನ್‌ಗಳು ಮಾತ್ರ ಒಂದೂವರೆ ಪಾಲು ಆಗುತ್ತವೆ, ಬೇರೆಯವು ಹಳೇ ಅಳತೆಯಲ್ಲೇ ಇರುತ್ತವೆ. ಅಳತೆ ತಪ್ಪುತ್ತೆ. ಎಲ್ಲವೂ ಒಟ್ಟಿಗೆ ಎರಡರಷ್ಟಾದ್ರೆ ಒಂದಕ್ಕೊಂದು ಅನುಪಾತ ಹಾಗೇ ಉಳಿಯುತ್ತೆ. ಗಿಡದಲ್ಲೂ ಒಂದು ಜಾಸ್ತಿ ಆದ್ರೆ ಗೊತ್ತಾಗದೆ ಇರಲ್ಲ. ಹೊಲದ ಬದುವಿನಲ್ಲಿ ಬೆಳೆಯೋ ಉಮ್ಮತ್ತಿಯ ಬಳಗದ್ದೇ ಒಂದು ಗಿಡದ ಮೇಲೆ ಅಮೆರಿಕದ ಬ್ಲೇಕ್ಸ್‌ಲಿ 1920ರ ದಶಕದಲ್ಲಿ ಕೆಲಸ ಮಾಡಿದ್ದ. ಅದಕ್ಕೆ 12 ಜೋಡಿ. ಯಾವ ಜೋಡಿಗೆ ಒಂದು ಹೆಚ್ಚು ಬಂತು ಅನ್ನೋದರ ಮೇಲೆ ಮುಳ್ಳುಕಾಯಿಯ ಆಕಾರವೇ ಬೇರೆ ಬೇರೆ. ಒಂದರದು ಗುಂಡಗೆ, ಇನ್ನೊಂದರದು ಸಣ್ಣಗೆ ಉದ್ದಕ್ಕೆ. ಕಾಯಿ ನೋಡಿ ಯಾವ ಕ್ರೋಮೋಸೋಮ್ ಜಾಸ್ತಿ ಇದೆ ಅಂತ ಹೇಳಬಹುದಿತ್ತು.

ನಾವು ಲ್ಯಾಬಲ್ಲಿ ಹತ್ತಿಯದ್ದು ಎಣಿಸೋದು ಹೀಗೆ. ಬೆಳಿಗ್ಗೆ ಸಣ್ಣ ಮೊಗ್ಗು ಕಿತ್ತು ಆಲ್ಕೋಹಾಲ್, ಅಸಿಟಿಕ್ ಆಸಿಡ್ ಮಿಶ್ರಣಕ್ಕೆ ಹಾಕ್ತೀವಿ. ಮಾರನೇ ದಿನ ಸೂಜಿಯಲ್ಲಿ ಪರಾಗಕೋಶ ಬಿಡಿಸಿ, ಅಸಿಟೋಕಾರ್ಮಿನ್ ಅನ್ನೋ ಕೆಂಪು ಬಣ್ಣದ ಹನಿ ಹಾಕಿ, ಮೇಲೆ ತೆಳು ಗಾಜು ಇಟ್ಟು ಹೆಬ್ಬೆರಳಲ್ಲಿ ಒತ್ತೋದು. ಜಾಸ್ತಿ ಒತ್ತಿದ್ರೆ ಗಾಜು ಒಡೆಯುತ್ತೆ, ಕಡಿಮೆ ಆದ್ರೆ ಎಲ್ಲ ಮುದ್ದೆ. ಹತ್ತಿಯ ಕ್ರೋಮೋಸೋಮುಗಳು ಬಹಳ ಸಣ್ಣ, ಕೆಂಪು ಚುಕ್ಕಿಗಳ ಥರ. 26 ಜೋಡಿ ಎಣಿಸೋಷ್ಟರಲ್ಲಿ ಕಣ್ಣು ಮಂಜಾಗುತ್ತೆ. ಆದ್ರೆ 39ರ ಗಿಡದ ಸ್ಲೈಡು ನೋಡಿದ್ರೆ ಎಣಿಸದೇ ಗೊತ್ತಾಗುತ್ತೆ, ಒಂಟಿ ಚುಕ್ಕಿಗಳು ಸಾಲು ಬಿಟ್ಟು ಚದುರಿ ನಿಂತಿರುತ್ತವೆ. ಅದರ ಪರಾಗಕ್ಕೆ ಬಣ್ಣ ಹಾಕಿದ್ರೆ ಒಳ್ಳೇ ಪರಾಗದ ಹಾಗೆ ಗುಂಡಗೆ ಕೆಂಪಾಗಲ್ಲ, ಸುಕ್ಕಾಗಿ ಬಿಳಿಚಿಕೊಂಡೇ ಇರುತ್ತೆ.

26 ಹೇಗೆ 52 ಆಯ್ತು ಅನ್ನೋದನ್ನ ನಮ್ಮ ಗುರುಗಳು ಇಲ್ಲೇ ಇದ್ದಾರೆ, ಅವರು ಹೇಳ್ತಾರೆ.


ನಿವೃತ್ತ ಜೀವಶಾಸ್ತ್ರ, ಗಂಗಾವತಿ

ಏನಮ್ಮಾ, ಕಷ್ಟದ್ದನ್ನ ನನ್ನ ತಲೆಗೆ ಕಟ್ಟಿದೆಯಲ್ಲ. ಇರಲಿ.

ತಮ್ಮಾ ಮಾನ್ವಿಯವನೇ, ನೀನು 26 ಡಬಲ್ ಆಗಿ 52 ಆಯ್ತು ಅಂದುಕೊಂಡಿದ್ದೀಯ. ನಿಜವಾದ ಕಥೆ ಅದಕ್ಕಿಂತ ಸೊಗಸಾಗಿದೆ. ಎರಡು ಬೇರೆ ಬೇರೆ ಹತ್ತಿಗಳು ಕೂಡಿ ಒಂದಾದವು, 26 ಕೂಡಿಸು 26. ಒಂದು ನಮ್ಮ ಜವಾರಿ ಹತ್ತಿಯ ಕಡೆಯದು. ಆಫ್ರಿಕಾ, ಏಷ್ಯಾದ ಬಳಗ. ಇದನ್ನ ವಿಜ್ಞಾನಿಗಳು ಎ ಅಂತ ಗುರುತಿಸುತ್ತಾರೆ. ಇನ್ನೊಂದು ಅಮೆರಿಕ ಖಂಡದ ಕಾಡು ಹತ್ತಿ, ಡಿ ಅಂತ. ಈಗ ಪೆರು ದೇಶದಲ್ಲಿ ಬೆಳೆಯೋ ರೈಮೊಂಡಿ ಅನ್ನೋ ಕಾಡುಗಿಡ ಅದಕ್ಕೆ ಬಹಳ ಹತ್ತಿರದ್ದು. ಎರಡೂ ಒಂದೇ ಮೂಲದಿಂದ 50 ಲಕ್ಷದಿಂದ ಒಂದು ಕೋಟಿ ವರ್ಷದ ಹಿಂದೆ ಬೇರೆಯಾಗಿದ್ದವು. ಸುಮಾರು 10ರಿಂದ 20 ಲಕ್ಷ ವರ್ಷದ ಹಿಂದೆ ಅಮೆರಿಕದಲ್ಲಿ ಮತ್ತೆ ಎದುರಾದವು. ಆಗಿನ್ನೂ ಹತ್ತಿ ಬಿತ್ತೋ ಮನುಷ್ಯನೇ ಇರಲಿಲ್ಲ. ಎ ಬಳಗದ ಬೀಜ ಸಮುದ್ರ ದಾಟಿ ಅಲ್ಲಿಗೆ ಹೋಯ್ತು ಅಂತ ತಿಳಿದವರು ಹೇಳುತ್ತಾರೆ. ಹತ್ತಿ ಬೀಜ ಉಪ್ಪುನೀರಿನಲ್ಲಿ ಬಹಳ ದಿನ ಜೀವ ಹಿಡಿದುಕೊಂಡಿರಬಲ್ಲದು, ಹಾಗಾಗಿ ಇದು ಕಟ್ಟುಕಥೆಯಲ್ಲ.

ಅಂಥ ಎರಡು ಕೂಡಿದಾಗ ಮೊದಲ ಮಿಶ್ರಗಿಡಕ್ಕೆ ಬರೋದು 13 ಕೂಡಿಸು 13. ಆದರೆ ಒಂದರ 13ಕ್ಕೂ ಇನ್ನೊಂದರ 13ಕ್ಕೂ ಜೋಡಿ ಸರಿಯಾಗಿ ಬೀಳಲ್ಲ, ಅಷ್ಟು ದೂರವಾಗಿಬಿಟ್ಟಿವೆ. ಗಿಡ ಬಂಜೆ. ಕಥೆ ಅಲ್ಲೇ ಮುಗಿಯಬೇಕಿತ್ತು. ಆದರೆ ಗಿಡಗಳಲ್ಲಿ ಒಂದು ಗುಣ ಇದೆ. ಕೆಲವೊಮ್ಮೆ ಪರಾಗ ಅಥವಾ ಅಂಡ ಆಗುವಾಗ ಅರ್ಧ ಆಗಬೇಕಾದ ಲೆಕ್ಕ ಅರ್ಧವಾಗದೆ ಪೂರ್ತಿಯಾಗೇ ಉಳಿದುಬಿಡುತ್ತೆ. ಮಾಮೂಲಿ ಗಿಡದಲ್ಲಿ ಇದು ನೂರಕ್ಕೆ ಒಂದೂ ಇರಲ್ಲ. ಮಿಶ್ರಗಿಡದಲ್ಲಿ ಜೋಡಿಯೇ ಇಲ್ಲವಾದ್ದರಿಂದ ಬಹಳ ಜಾಸ್ತಿ ಆಗುತ್ತೆ. ಚಳಿ, ಬಿಸಿಲಿನ ಏಟು ಬಿದ್ದಾಗ ಇನ್ನೂ ಹೆಚ್ಚು. ಅಂಥ ಎರಡು ಪೂರ್ತಿ ಸೆಟ್ ಒಂದಕ್ಕೊಂದು ಸಿಕ್ಕರೆ 52. ಈಗ ಪ್ರತಿಯೊಂದು ಕ್ರೋಮೋಸೋಮಿಗೂ ತನ್ನದೇ ನಕಲು ಜೊತೆಗಿದೆ. ಬಂಜೆಗಿಡ ಒಂದೇ ಪೀಳಿಗೆಯಲ್ಲಿ ಕಾಯಿ ಕಟ್ಟುತ್ತೆ. ತಾಯಿಗೂ ತಂದೆಗೂ ಅದು ಮತ್ತೆ ಕೂಡಲ್ಲ, ಹೊಸ ಜಾತಿ.

ಡಾರ್ವಿನ್ ಪಾಠ ಮಾಡುವಾಗ ನಾವು ಯಾವಾಗಲೂ ನಿಧಾನ, ಸಾವಿರಾರು ಪೀಳಿಗೆ, ಸ್ವಲ್ಪ ಸ್ವಲ್ಪವೇ ಬದಲಾವಣೆ ಅಂತ ಹೇಳಿಕೊಂಡು ಬಂದವರು. ಅದೂ ಸರಿ. ಆದರೆ ಇಲ್ಲಿ ಒಂದೆರಡು ಪೀಳಿಗೆಯಲ್ಲೇ ಗೋಡೆ ಎದ್ದು ನಿಲ್ಲುತ್ತೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ ನನಗೆ ಗೊತ್ತಿಲ್ಲ.

ಇದು ಬರೀ ಊಹೆಯಲ್ಲ. 1934ರಲ್ಲಿ ಸ್ಕೋವ್‌ಸ್ಟೆಡ್ ಅನ್ನುವವರು ಅಮೆರಿಕನ್ ಹತ್ತಿಯಲ್ಲಿ 13 ಜೋಡಿ ದೊಡ್ಡವು, 13 ಜೋಡಿ ಸಣ್ಣವು ಇರೋದನ್ನ ನೋಡಿ, ದೊಡ್ಡವು ಏಷ್ಯಾ ಕಡೆಯವು, ಸಣ್ಣವು ಅಮೆರಿಕ ಕಡೆಯವು ಇರಬೇಕು ಅಂದರು. 1940ರಲ್ಲಿ ಬೀಸ್ಲಿ ಅನ್ನುವವರು ಅರ್ಬೋರಿಯಮ್ ಜವಾರಿಗೆ ಅಮೆರಿಕದ ಥರ್ಬರಿ ಅನ್ನೋ ಕಾಡುಹತ್ತಿ ಕೂಡಿಸಿ, ಲೆಕ್ಕ ಡಬಲ್ ಮಾಡಿ, ಕೈಯಾರೆ 52ರ ಗಿಡ ಮಾಡಿದರು. ಅದು ಅಮೆರಿಕನ್ ಹತ್ತಿಯ ಜೊತೆ ಕೂಡಿತು. ಅದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಕೈಯಾರೆ ಡಬಲ್ ಮಾಡೋದು ಕೊಲ್ಚಿಸಿನ್ ಅನ್ನೋ ವಿಷದಿಂದ. ನಮ್ಮ ಕಾಡಿನ ಅಗ್ನಿಶಿಖೆ ಗೆಡ್ಡೆಯಲ್ಲೂ ಅದು ಇದೆ, ಮುಟ್ಟಿ ಬಾಯಿಗೆ ಹಾಕಬೇಡಿ ಮತ್ತೆ. ಕ್ರೋಮೋಸೋಮುಗಳನ್ನ ಎರಡು ಕಡೆ ಎಳೆಯೋ ದಾರಗಳನ್ನೇ ಅದು ಕಟ್ಟೋಕೆ ಬಿಡಲ್ಲ. ನಕಲಾದವು ಬೇರೆಯಾಗದೆ ಒಂದೇ ಕೋಶದಲ್ಲಿ ಉಳಿಯುತ್ತವೆ. ನಮ್ಮ ದೇಶದವರೇ ಆದ ಇ.ಕೆ. ಜಾನಕಿ ಅಮ್ಮಾಳ್ ಕೊಯಮತ್ತೂರಿನಲ್ಲಿ ಕಬ್ಬಿನ ಮೇಲೆ ಇದೇ ಲೆಕ್ಕದ ಕೆಲಸ ಮಾಡಿ, ಆಮೇಲೆ ಇಂಗ್ಲೆಂಡಿಗೆ ಹೋಗಿ ಮ್ಯಾಗ್ನೋಲಿಯಾ ಗಿಡಗಳಿಗೆ ಕೊಲ್ಚಿಸಿನ್ ಹಚ್ಚಿದವರು. ಅಲ್ಲಿ ಒಂದು ಮ್ಯಾಗ್ನೋಲಿಯಾ ತಳಿಗೆ ಇವತ್ತಿಗೂ ಅವರ ಹೆಸರೇ ಇದೆ.

ಗೋಧಿಯೂ ಹೀಗೇ. ಹುಗ್ಗಿಗೆ ಹಾಕೋ ಜವೆಗೋಧಿಗೆ 28, ಚಪಾತಿ ಗೋಧಿಗೆ 42. ಮೂಲ ಕಾಡುಹುಲ್ಲಿಗೆ 14. ಒಂದು ಸಲ ಎರಡು ಹುಲ್ಲು ಕೂಡಿ 28 ಆಯ್ತು, ಆಮೇಲೆ ಮೂರನೆಯದು ಬಂದು ಸೇರಿ 42. ಶೇಂಗಾವೂ ಅಷ್ಟೇ, ದಕ್ಷಿಣ ಅಮೆರಿಕದ 20ರ ಎರಡು ಕಾಡುಜಾತಿ ಕೂಡಿ 40. ಜಗುಲಿ ಮೇಲೆ ಕೂತು ಶೇಂಗಾ ಸುಲಿಯೋರಿಗೆ ಇದೆಲ್ಲ ಯಾರು ಹೇಳ್ತಾರೆ.


ಹಗರಿ ದಂಡೆ, ಸಿರುಗುಪ್ಪ

ಎಲ್ಲ ಓದಿದೆ. ಚೆನ್ನಾಗಿದೆ, ಆದ್ರೆ ನನಗೆ ಪೂರ್ತಿ ಒಪ್ಪಿಗೆಯಾಗ್ತಿಲ್ಲ.

ಮೊದಲನೇದು, ಡಬಲ್ ಆಗೋದು ಅಷ್ಟು ಸುಲಭ, ಅಷ್ಟು ಲಾಭ ಅಂದ್ರೆ ಭೂಮಿ ಮೇಲಿನ ಎಲ್ಲ ಗಿಡಕ್ಕೂ ಸಾವಿರ ಸಾವಿರ ಕ್ರೋಮೋಸೋಮ್ ಇರಬೇಕಿತ್ತಲ್ಲ? ನಾವು ನಾಟಿ ಮಾಡೋ ಭತ್ತಕ್ಕೆ 24 ಅಂತೆ, ಲೋಕಕ್ಕೆಲ್ಲ ಅನ್ನ ಹಾಕ್ತಾ ಇದೆ. ಕಡಲೆಗೆ ಬರೀ 16. ಅವೇನು ಹಿಂದೆ ಬಿದ್ದಿವೆಯಾ?

ಎರಡನೇದು, ಲೆಕ್ಕ ಒಂದೇ ಇದ್ದರೆ ಕೂಡುತ್ತೆ ಅನ್ನೋ ಹಾಗೆ ಮೇಡಂ ಬರೆದಿದ್ದಾರೆ. ಬಿಳಿಜೋಳಕ್ಕೂ 20, ಗೋವಿನಜೋಳಕ್ಕೂ (ಮೆಕ್ಕೆಜೋಳ) 20. ಎರಡೂ ಹುಲ್ಲಿನ ಜಾತಿಯೇ. ನಮ್ಮಲ್ಲಿ ಪಕ್ಕಪಕ್ಕ ಬೆಳೀತಾರೆ, ಗಾಳಿಗೆ ಪರಾಗ ಹಾರುತ್ತೆ. ಒಂದು ದಿನವಾದ್ರೂ ಮಿಶ್ರ ತೆನೆ ನೋಡಿದೀರಾ?

ಜಗಳಕ್ಕೆ ಕೇಳ್ತಿಲ್ಲ. ಇಂಥ ಮಾತು ಹೇಳಿಯೇ ನಮಗೆ ದುಡ್ಡಿನ ಬೀಜ ಮಾರ್ತಾರೆ, ಅದಕ್ಕೆ ಸ್ವಲ್ಪ ಗಟ್ಟಿಯಾಗಿ ಕೇಳ್ತೀನಿ.


ಮೊಗ್ಗು ಮೈಕ್ರೋಸ್ಕೋಪು, ರಾಯಚೂರು

ಸಿರುಗುಪ್ಪದ ಅಣ್ಣಾ, ಜೋಳದ ಉದಾಹರಣೆ ತಂದಿದ್ದು ಬಹಳ ಖುಷಿಯಾಯ್ತು, ಯಾಕಂದ್ರೆ ಈ ವಿಷಯದಲ್ಲಿ ನನಗೆ ಅತಿ ಇಷ್ಟದ್ದು ಅದೇ.

ಬಿಳಿಜೋಳ, ಗೋವಿನಜೋಳ ಎರಡಕ್ಕೂ 10 ಜೋಡಿ. ಹೊರಗಿಂದ ನೋಡಿದ್ರೆ ಏನೂ ಆಗೇ ಇಲ್ಲ ಅನಿಸುತ್ತೆ. ಎರಡರ ಪೂರ್ವಜ ಸುಮಾರು ಒಂದು ಕೋಟಿ ವರ್ಷದ ಹಿಂದಿನದು, ಅದಕ್ಕೂ 10 ಜೋಡಿಯೇ ಇತ್ತು ಅಂತ ಲೆಕ್ಕ. ಬಿಳಿಜೋಳ ಹೆಚ್ಚುಕಡಿಮೆ ಹಾಗೇ ಉಳೀತು. ಗೋವಿನಜೋಳದ ದಾರಿಯಲ್ಲಿ ಇಡೀ ಸೆಟ್ ಡಬಲ್ ಆಗಿ 20 ಜೋಡಿ ಆಯ್ತು. ಆಮೇಲೆ ಕ್ರೋಮೋಸೋಮುಗಳು ಒಡೆದು, ಒಂದರೊಳಗೊಂದು ಸೇರಿ, ಅಂಟಿಕೊಂಡು, ಮತ್ತೆ 10 ಜೋಡಿಗೆ ಇಳೀತು. ಇದು ನಮಗೆ ಗೊತ್ತಾಗಿದ್ದು ಜೀನ್‌ಗಳ ಸಾಲನ್ನ ಓದಿದ ಮೇಲೆ. ಬಿಳಿಜೋಳದ ಒಂದು ಕ್ರೋಮೋಸೋಮಿನ ಯಾವುದೇ ಭಾಗ ಹಿಡಿದು ನೋಡಿ, ಗೋವಿನಜೋಳದಲ್ಲಿ ಅದಕ್ಕೆ ಹೊಂದೋದು ಎರಡು ಕಡೆ ಸಿಗುತ್ತೆ. ಒಂದು ಕಡೆ ಜೀನ್‌ಗಳು ಜಾಸ್ತಿ ಉಳಿದಿವೆ, ಇನ್ನೊಂದು ಕಡೆ ಜಾಸ್ತಿ ಕಳೆದುಹೋಗಿವೆ.

ಹಾಗಾಗಿ ನಿಮ್ಮ ಮಾತು ಪೂರ್ತಿ ಸರಿ. ಲೆಕ್ಕ ಒಂದೇ ಇದ್ದ ಮಾತ್ರಕ್ಕೆ ಕೂಡಲ್ಲ. ಸಾಲು ಹೊಂದಬೇಕು. ಲೆಕ್ಕ ಬೇರೆ ಇದ್ದರೆ ಗೋಡೆ ಬೇಗ ಏಳುತ್ತೆ, ಲೆಕ್ಕ ಒಂದೇ ಇದ್ದರೂ ಗೋಡೆ ಏಳೋಕೆ ಬೇರೆ ಹತ್ತು ದಾರಿ ಇದೆ.

ಎಲ್ಲ ಗಿಡಕ್ಕೂ ಸಾವಿರ ಯಾಕಿಲ್ಲ ಅನ್ನೋದಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ಏರಿದ್ದು ಇಳಿಯುತ್ತೆ. ಡಬಲ್ ಆದ ಮೇಲೆ ಪ್ರತಿ ಜೀನ್ ಎರಡೆರಡು ಇರುತ್ತೆ. ಬಹಳಷ್ಟರಲ್ಲಿ ಒಂದು ಕೆಟ್ಟು ಹೋದರೂ ಗಿಡಕ್ಕೆ ನಷ್ಟ ಇಲ್ಲ, ನಿಧಾನಕ್ಕೆ ಮಾಯವಾಗುತ್ತೆ. ಕೆಲವು ಕೆಲಸ ಹಂಚಿಕೊಳ್ತವೆ. ಹತ್ತಿಯಲ್ಲೇ ಒಂದು ಜೀನ್ ಇದೆ, ಅದರ ಎ ಕಡೆಯ ನಕಲು ಹೂವಿನ ಒಂದು ಭಾಗದಲ್ಲಿ ಸುಮ್ನೆ ಇರುತ್ತೆ, ಡಿ ಕಡೆಯದು ಇನ್ನೊಂದು ಭಾಗದಲ್ಲಿ ಸುಮ್ನೆ ಇರುತ್ತೆ. ಒಂದೇ ಹೂ, ಪಾಳಿ ಬೇರೆ. ಬೆರಳೆಣಿಕೆಯಷ್ಟು ಜೀನ್‌ಗಳು ಪೂರ್ತಿ ಹೊಸ ಕೆಲಸ ಕಲಿಯುತ್ತವೆ. ಇದು ಆಗೋಕೆ ಲಕ್ಷಾಂತರ ವರ್ಷ ಬೇಕು.

ಭತ್ತಕ್ಕೆ 24, ಅದು ಡಬಲ್ ಆಗದ ಗಿಡ ಅಂದುಕೊಂಡಿದ್ದೀರಾ? ಭತ್ತ, ಜೋಳ, ಗೋಧಿ, ಎಲ್ಲ ಹುಲ್ಲುಗಳ ಹಿರಿಯನೊಬ್ಬ ಸುಮಾರು 7 ಕೋಟಿ ವರ್ಷದ ಹಿಂದೆ ಡಬಲ್ ಆಗಿದ್ದ, ಆ ಗುರುತು ಭತ್ತದಲ್ಲೂ ಇದೆ. ಹಿಂದೆ ಹೋದಷ್ಟೂ ಇದೇ ಕಥೆ. ಹೂ ಬಿಡೋ ಗಿಡಗಳೆಲ್ಲದರ ಪೂರ್ವಜನಲ್ಲೂ ಒಂದು ಸಲ ಆಗಿದೆ ಅಂತ ಈಗ ಬಹುತೇಕರ ಅಭಿಪ್ರಾಯ. ಅಂದ್ರೆ ನಿಮ್ಮ ಹೊಲದಲ್ಲಿ ಡಬಲ್ ಆಗದ ಗಿಡ ಒಂದೂ ಇಲ್ಲ. ಈಚೆಗೆ ಆದದ್ದು, ಬಹಳ ಹಿಂದೆ ಆಗಿ ಮರೆತದ್ದು, ಅಷ್ಟೇ ವ್ಯತ್ಯಾಸ. ಏರಿ ಇಳಿಯದೇ ಕೂತದ್ದೂ ಇವೆ. ಒಫಿಯೋಗ್ಲಾಸಮ್ ಅನ್ನೋ ಗಿಡ್ಡ ಜರೀಗಿಡದಲ್ಲಿ 1200ಕ್ಕೂ ಜಾಸ್ತಿ ಎಣಿಸಿದ್ದಾರೆ. ಇನ್ನೊಂದು ಕಡೆ ಬರೀ 4 ಇರೋ ಹೂಗಿಡವೂ ಇದೆ.

ಉತ್ತರದ ಉಳಿದ ಅರ್ಧ, ಡಬಲ್ ಆದ ಗಿಡದ ಮೊದಲ ದಿನಗಳು ಬಹಳ ಕಷ್ಟ. ಸುತ್ತ ಎಲ್ಲ 26ರವು, ನೀವೊಬ್ಬರೇ 52 ಅಂದುಕೊಳ್ಳಿ. ಜೇನುಹುಳ ತರೋ ಪರಾಗವೆಲ್ಲ ಕೆಲಸಕ್ಕೆ ಬಾರದ್ದು. ಹಾಕೋ ಬೀಜವೆಲ್ಲ 39 ಆಗಿ ಬಂಜೆ. ಬಹುತೇಕ ಅಲ್ಲೇ ಸಾಯುತ್ತವೆ, ನಮಗೆ ಗೊತ್ತೂ ಆಗಲ್ಲ. ತನ್ನ ಪರಾಗವನ್ನೇ ತಾನು ಬಳಸೋ ಗಿಡ, ಬೇರಿನಿಂದ ಗೆಡ್ಡೆಯಿಂದ ಹಬ್ಬೋ ಗಿಡ, ವರ್ಷಗಟ್ಟಲೆ ಬದುಕೋ ಗಿಡ, ಇವಕ್ಕೆ ಅವಕಾಶ ಜಾಸ್ತಿ. ಹತ್ತಿ ಹೆಚ್ಚುಕಡಿಮೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ, ಅದು ದಾಟಿಕೊಳ್ಳೋಕೆ ಇದೂ ಒಂದು ಕಾರಣ ಇರಬೇಕು.

ಹಾಗೇ ದಾಟಿದ್ದನ್ನ ಮನುಷ್ಯರು ಕಣ್ಣಾರೆ ನೋಡಿಯೂ ಇದ್ದಾರೆ. ಟ್ರಾಗೋಪೋಗನ್ ಅಂತ ಯುರೋಪಿನ ಹೂಗಿಡ, ಮೂರು ಜಾತಿ, ಎಲ್ಲಕ್ಕೂ 12. ಕಳೆದ ಶತಮಾನದ ಶುರುವಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡೆ ಬಂದು ಕಳೆಯಾದವು. 1950ರಲ್ಲಿ ಓನ್‌ಬೀ ಅನ್ನುವವರು ಅಲ್ಲಿ 24ರ ಎರಡು ಹೊಸ ಜಾತಿ ಇವೆ ಅಂತ ಬರೆದರು. ಅವು ಯುರೋಪಿನಲ್ಲಿ ಇಲ್ಲವೇ ಇಲ್ಲ. ಒಂದು ಮನುಷ್ಯನ ಆಯುಸ್ಸಿನಷ್ಟೂ ಸಮಯ ಹಿಡಿದಿಲ್ಲ.

ಲಾಭದ ಮಾತು. ಲಾಭ ಖಂಡಿತ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ರಷ್ಯಾದ ಕಾರ್ಪೆಚೆಂಕೊ 1920ರ ದಶಕದಲ್ಲಿ ಮೂಲಂಗಿಗೂ ಎಲೆಕೋಸಿಗೂ ಕೂಡಿಸಿದ, ಎರಡಕ್ಕೂ 18. ಡಬಲ್ ಆಗಿ 36ರ ಗಿಡ ಬಂತು, ಬೀಜವೂ ಕಟ್ಟಿತು. ಕೆಳಗೆ ಮೂಲಂಗಿ ಮೇಲೆ ಕೋಸು ಸಿಗಬಹುದು ಅಂತ ಎಲ್ಲರ ಆಸೆ. ಬಂದದ್ದು ಕೋಸಿನ ಬೇರು, ಮೂಲಂಗಿ ಸೊಪ್ಪು! ಆದ್ರೆ ಹತ್ತಿಯಲ್ಲಿ ನೋಡಿ, ಡಿ ಕಡೆಯ ಕಾಡುಹತ್ತಿಗೆ ನೂಲೋಕೆ ಬರೋ ಅರಳೆಯೇ ಇಲ್ಲ. ಆದ್ರೂ 52ರ ಹತ್ತಿಯಲ್ಲಿ ಅರಳೆಯ ಉದ್ದ, ಗಟ್ಟಿತನ ಕೊಡೋ ಜೀನ್ ಭಾಗಗಳಲ್ಲಿ ಬಹಳಷ್ಟು ಡಿ ಕಡೆ ಇವೆ ಅಂತ 1998ರಲ್ಲಿ ತೋರಿಸಿದ್ದಾರೆ. ಅರಳೆ ಇಲ್ಲದವನ ಕೊಡುಗೆ ಅರಳೆಯಲ್ಲಿ. ಯಾವ ಜೋಡಿ ಏನು ಕೊಡುತ್ತೆ ಅಂತ ಮೊದಲೇ ಹೇಳೋಕಾಗಲ್ಲ.

ದೊಡ್ಡ ಚಿತ್ರದಲ್ಲೂ ವಾದ ನಡೀತಾನೇ ಇದೆ. 2009ರ ಒಂದು ಅಧ್ಯಯನದ ಪ್ರಕಾರ ಹೂಗಿಡಗಳಲ್ಲಿ ಹೊಸ ಜಾತಿ ಆದ ಸಂದರ್ಭಗಳಲ್ಲಿ ಸುಮಾರು ನೂರಕ್ಕೆ 15ರಲ್ಲಿ, ಜರೀಗಿಡಗಳಲ್ಲಿ ನೂರಕ್ಕೆ 31ರಲ್ಲಿ ಈ ಸೆಟ್ ಹೆಚ್ಚಳ ಇತ್ತು. 2011ರ ಇನ್ನೊಂದು ಅಧ್ಯಯನ, ಈಚೆಗೆ ಡಬಲ್ ಆದ ಗಿಡಗಳ ವಂಶ ಬೇರೆಯವುಗಳಷ್ಟು ಬೇಗ ಕವಲೊಡೆಯಲ್ಲ, ಜಾಸ್ತಿ ಅಳಿಯುತ್ತೆ ಅಂದಿತು. ಅದನ್ನ ಒಪ್ಪದವರೂ ಇದ್ದಾರೆ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್ ಅಳಿದ ಹೊತ್ತಿಗೆ ಹತ್ತಿರದಲ್ಲೇ ಬಹಳಷ್ಟು ಗಿಡವಂಶಗಳು ಡಬಲ್ ಆಗಿದ್ದವು, ಕೆಟ್ಟ ಕಾಲದಲ್ಲಿ ಅದು ಕೈ ಹಿಡಿದಿರಬೇಕು ಅನ್ನೋ ವಾದವೂ ಇದೆ. ನನಗೆ ಅನಿಸೋದು, ಮಾಮೂಲಿ ದಿನಗಳಲ್ಲಿ ಇದು ಹೊರೆ, ಕಷ್ಟದ ಕಾಲದಲ್ಲಿ ಆಸರೆ.


ಕೆಂಪು ತಿರುಳು, ಕುಷ್ಟಗಿ

ನಾನು ಕಲ್ಲಂಗಡಿ ಬೆಳೆಯೋನು, ಕೊಪ್ಪಳ ಜಿಲ್ಲೆ. ಈ 39ರ ಲೆಕ್ಕ ಓದಿದಾಗ ನಮ್ಮ ಬೀಜವಿಲ್ಲದ ಕಲ್ಲಂಗಡಿ ಕಥೆ ಇದೇ ಅಲ್ವಾ ಅನಿಸ್ತು, ಅದಕ್ಕೆ ಬರೀತಿದ್ದೀನಿ.

ಕಲ್ಲಂಗಡಿಗೆ 22. ಅದನ್ನ ಕೊಲ್ಚಿಸಿನ್ ಹಾಕಿ 44 ಮಾಡ್ತಾರೆ. 44ಕ್ಕೆ 22ರ ಪರಾಗ ಹಾಕಿದ್ರೆ ಸಿಗೋ ಬೀಜಕ್ಕೆ 33. ಆ 33ರ ಗಿಡದ ಹಣ್ಣಲ್ಲಿ ಬೀಜ ಕಟ್ಟಲ್ಲ, ಬಿಳಿ ಸಿಪ್ಪೆ ಥರದ್ದು ಮಾತ್ರ. ಜಪಾನಿನ ಕಿಹಾರ ಅನ್ನೋ ವಿಜ್ಞಾನಿ ಮಾಡಿದ್ದು. ಅದೇ ಕಿಹಾರ ಗೋಧಿಯ ಕ್ರೋಮೋಸೋಮ್ ಲೆಕ್ಕದಲ್ಲೂ ದೊಡ್ಡ ಹೆಸರು.

ಬೀಜ ದುಬಾರಿ ಯಾಕೆ ಅಂದ್ರೆ ಪ್ರತಿ ವರ್ಷ ಹೊಸದಾಗಿ ಕೂಡಿಸಲೇಬೇಕು, ಎತ್ತಿಡೋಕೆ ಬೀಜವೇ ಇಲ್ಲ. ಮೊಳಕೆಯೂ ಸುಲಭಕ್ಕೆ ಬರಲ್ಲ, ಬೀಜದ ಸಿಪ್ಪೆ ದಪ್ಪ. ಇನ್ನೊಂದು, ಹೊಲದಲ್ಲಿ ಬರೀ ಇದನ್ನೇ ಹಾಕಿದ್ರೆ ಕಾಯೇ ನಿಲ್ಲಲ್ಲ. ಇದರ ಪರಾಗ ಪೊಳ್ಳು. ನಡುನಡುವೆ ಮಾಮೂಲಿ 22ರ ಸಾಲು ಹಾಕಬೇಕು, ಅದರ ಪರಾಗ ಬಿದ್ದಾಗ ಕಾಯಿ ಊದುತ್ತೆ. ಹೊಸಬರು ಜಾಗ ಉಳಿಸೋಕೆ ಆ ಸಾಲು ಬಿಟ್ಟು ಕೈ ಸುಟ್ಟುಕೊಳ್ತಾರೆ. ಬಾಳೆಹಣ್ಣೂ ಇದೇ ಲೆಕ್ಕ ಅಂತ ಕೇಳಿದ್ದೆ. ಹೌದಾ ಮೇಡಂ?


ಮೊಗ್ಗು ಮೈಕ್ರೋಸ್ಕೋಪು, ರಾಯಚೂರು

ಹೌದು, ನಾವು ತಿನ್ನೋ ಬಹುತೇಕ ಬಾಳೆಗೆ 33. ಅದಕ್ಕೇ ಕಂದಿನಿಂದಲೇ ಬೆಳೆಸೋದು. ಬಾಳೆಗೆ ಮಾತ್ರ ಪರಾಗದ ಸಾಲು ಬೇಡ, ಪರಾಗ ಬೀಳದೆಯೇ ಕಾಯಿ ಊದುತ್ತೆ.


ಎರೆಹೊಲದವ, ಮಾನ್ವಿ

ಎಲ್ಲರಿಗೂ ಥ್ಯಾಂಕ್ಸ್. ಸರ್, ನೀವು ನಮ್ಮ ಶಾಲೆಯಲ್ಲಿ ಇದ್ದಿದ್ರೆ ನಾನು ಸೈನ್ಸ್ ಬಿಡ್ತಾ ಇರಲಿಲ್ಲ. ಅಪ್ಪನಿಗೆ ವರಲಕ್ಷ್ಮಿ ಕೇಳಿದೆ, ಮುಖ ಅರಳ್ತು. ಆಗಿನ ರೇಟು, ಆಗಿನ ಹುಳದ ಕಾಟ ಎಲ್ಲ ರಾತ್ರಿ ತನಕ ಹೇಳ್ತಾ ಕೂತರು.

ಎರಡು ಸಣ್ಣ ಪ್ರಶ್ನೆ ಉಳಿದಿದೆ. ಒಂದು, ಈ ಗೋಡೆ ಅಷ್ಟು ಗಟ್ಟಿ ಇದ್ದರೆ ಕಾಡುಜಾತಿಯ ರೋಗ ತಡೆಯೋ ಗುಣವನ್ನ ಬೆಳೆಗೆ ತರ್ತಾರಲ್ಲ, ಅದು ಹೇಗೆ? ಎರಡು, ನನ್ನ ಹತ್ತಿರ ಲ್ಯಾಬ್ ಇಲ್ಲ. 26 ಯಾವುದು 52 ಯಾವುದು ಅಂತ ಹೊಲದಲ್ಲೇ ನೋಡೋಕೆ ದಾರಿ ಇದೆಯಾ?


ಮೊಗ್ಗು ಮೈಕ್ರೋಸ್ಕೋಪು, ರಾಯಚೂರು

ಮೊದಲನೇದಕ್ಕೆ ಶೇಂಗಾ ಒಳ್ಳೇ ಉದಾಹರಣೆ. ಬೆಳೆಗೆ 40, ಕಾಡಿನದಕ್ಕೆ 20, ಕೂಡಿದ್ರೆ 30ರ ಬಂಜೆ. ಅದನ್ನ ಕೊಲ್ಚಿಸಿನ್ ಹಾಕಿ 60 ಮಾಡಬಹುದು, ಆಗ ಫಲ ಕೊಡುತ್ತೆ. ಆಮೇಲೆ ಮತ್ತೆ ಮತ್ತೆ 40ರ ಬೆಳೆಗೇ ಕೂಡಿಸ್ತಾ ಹೋದ್ರೆ ಬೇಡದ ಕ್ರೋಮೋಸೋಮುಗಳು ಉದುರುತ್ತವೆ, ಬೇಕಾದ ತುಂಡು ಉಳಿಯುತ್ತೆ, ಅದೃಷ್ಟ ಇದ್ದರೆ. ಧಾರವಾಡದ ಜಿಪಿಬಿಡಿ-4 ತಳಿಗೆ ಎಲೆಚುಕ್ಕೆ, ತುಕ್ಕು ರೋಗ ತಡೆಯೋ ಶಕ್ತಿ ಬಂದದ್ದು ಕಾರ್ಡೆನಾಸಿ ಅನ್ನೋ ಕಾಡುಶೇಂಗಾದ ಕಡೆಯಿಂದ. ವರ್ಷಗಟ್ಟಲೆ ಕೆಲಸ, ಬೀಜದ ಚೀಲದ ಮೇಲೆ ಒಂದು ಸಾಲೂ ಬರೆದಿರಲ್ಲ.

ಎರಡನೇದು. ಲೆಕ್ಕ ಜಾಸ್ತಿ ಆದ್ರೆ ಸಾಮಾನ್ಯವಾಗಿ ಕೋಶ ದೊಡ್ಡದಾಗುತ್ತೆ. ಎಲೆಯ ಕೆಳಭಾಗದಲ್ಲಿ ಉಸಿರಾಡೋ ಸಣ್ಣ ಬಾಯಿಗಳಿವೆಯಲ್ಲ, ಪತ್ರರಂಧ್ರ, ಅವೂ ದೊಡ್ಡವಾಗುತ್ತವೆ, ಒಂದಕ್ಕೊಂದು ದೂರ ದೂರ ಇರುತ್ತವೆ. ಮನೆಯಲ್ಲಿ ನೈಲ್ ಪಾಲಿಶ್ ಇದ್ರೆ, ಬಣ್ಣ ಇಲ್ಲದ್ದು, ಎಲೆಯ ಕೆಳಗೆ ತೆಳ್ಳಗೆ ಹಚ್ಚಿ. ರೋಮ ಜಾಸ್ತಿ ಇದ್ದರೆ ಅಚ್ಚು ಸರಿಯಾಗಿ ಬರಲ್ಲ, ನುಣುಪಾದ ಎಲೆ ಆರಿಸಿ. ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಟೇಪು ಅಂಟಿಸಿ ಎಳೀರಿ. ಅಚ್ಚು ಟೇಪಿಗೆ ಬರುತ್ತೆ. ಹತ್ತಿರದ ಹೈಸ್ಕೂಲಿನ ಮೈಕ್ರೋಸ್ಕೋಪು ಸಾಕು. ಜವಾರಿ ಎಲೆ, ಬಿಟಿ ಎಲೆ, ಒಂದೇ ವಯಸ್ಸಿನವು ತಗೊಳ್ಳಿ, ಇಲ್ಲಾಂದ್ರೆ ಹೋಲಿಕೆಗೆ ಬೆಲೆಯಿಲ್ಲ. ಜಾತಿ ಬೇರೆ ಬೇರೆ ಆದ್ದರಿಂದ ಇದು ಸುಳಿವು ಮಾತ್ರ, ಖಾತ್ರಿಗೆ ಮೊಗ್ಗು ಎಣಿಸಲೇಬೇಕು.


ಹಗರಿ ದಂಡೆ, ಸಿರುಗುಪ್ಪ

ಮೇಡಂ, ಜೋಳದ ಮಾತು ಒಪ್ಪಿದೆ. ಮಾನ್ವಿ ತಮ್ಮಾ, ಒಂದು ಮಾತು. ನೀನು ಜೇನುಹುಳಕ್ಕೆ ಹೆದರ್ತಿದ್ದೀಯ, ಹೆದರಬೇಕಾದ್ದು ಜಿನ್ನಿಗೆ, ಅಂದ್ರೆ ಅರಳೆಯಿಂದ ಬೀಜ ಬಿಡಿಸೋ ಯಂತ್ರಕ್ಕೆ. ಬಿಟಿ ಹತ್ತಿ ಆಡಿಸಿದ ಯಂತ್ರಕ್ಕೇ ನಿಮ್ಮ ಜವಾರಿ ಹಾಕಿಸಿ ಬೀಜ ವಾಪಸ್ ತಂದ್ರೆ ಅಲ್ಲಿ ಸಿಕ್ಕಿಹಾಕಿಕೊಂಡ ಬೀಜ ಬೆರಕೆಯಾಗುತ್ತೆ. ಅದಕ್ಕೆ ಯಾವ ಕ್ರೋಮೋಸೋಮ್ ಗೋಡೆಯೂ ಅಡ್ಡ ಬರಲ್ಲ. ಬಿತ್ತೋ ಬೀಜಕ್ಕೆ ಬೇಕಾದಷ್ಟನ್ನ ಮನೆಯಲ್ಲೇ ಕೈಯಲ್ಲಿ ಬಿಡಿಸಿ ಇಟ್ಟುಕೊಳ್ಳಿ. ಮೊಳೆತ ಮೇಲೆ ಎಲೆ ನೋಡಿದ್ರೂ ಗೊತ್ತಾಗುತ್ತೆ, ಜವಾರಿಯದು ಆಳಕ್ಕೆ ಸೀಳಿರುತ್ತೆ, ಬಿಟಿಯದು ಅಗಲ. ಬೇರೆ ಕಂಡದ್ದನ್ನ ಹೂ ಬಿಡೋ ಮೊದಲೇ ಕಿತ್ತು ಹಾಕಿ.


ಎರೆಹೊಲದವ, ಮಾನ್ವಿ

ಅಪ್ಪ ಕೈಯಲ್ಲೇ ಬಿಡಿಸೋದು ಅಣ್ಣ, ಜಿನ್ನಿಗೆ ಒಂದು ಸಲವೂ ಕೊಟ್ಟಿಲ್ಲ. ನೈಲ್ ಪಾಲಿಶ್ ತಂಗಿ ಹತ್ತಿರ ಇದೆ, ಕೆಂಪು ಬಣ್ಣದ್ದು. ನಡೆಯುತ್ತಾ ಮೇಡಂ?


ಮೊಗ್ಗು ಮೈಕ್ರೋಸ್ಕೋಪು, ರಾಯಚೂರು

ಬಣ್ಣ ಇಲ್ಲದ್ದೇ ತನ್ನಿ ಅಣ್ಣ, ಕೆಂಪಿನಲ್ಲಿ ಅಂಚು ಸರಿಯಾಗಿ ಕಾಣಲ್ಲ. ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.